ಹಾರ ಬಿದ್ದ ಕೊರಳು, ಬಿಟ್ಟ ಪರದೆ

1988ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಅಂದಿನಿಂದ ಮಧುಗಿರಿಯಲ್ಲಿ ನಾಟಕದ ಸೀನರಿ ಕಟ್ಟುವುದೇ ನನ್ನ ಕಸುಬು. ಊರಿನವರು ಪೌರಾಣಿಕ ನಾಟಕ ಕಲಿತರೆ ಪರದೆ, ದೀಪ, ಕಿರೀಟ ಎಲ್ಲ ನನ್ನವು. ಗಂಡು ಪಾತ್ರಗಳನ್ನು ಊರವರೇ ಮಾಡುತ್ತಾರೆ. ದ್ರೌಪದಿ, ಕುಂತಿಗೆ ಮಾತ್ರ ಶಿರಾ, ಪಾವಗಡ, ಕೊರಟಗೆರೆ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ.

ನಾಟಕದ ನಡುವೆ ಅಭಿಮಾನಿಗಳು ಸ್ಟೇಜು ಹತ್ತಿ ಪಾತ್ರಧಾರಿಗೆ ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಆ ನೆಪದಲ್ಲಿ ಹೆಣ್ಣುಮಕ್ಕಳ ಮೈಮೇಲೆ ಬೀಳುವ ಕೈಗಳನ್ನು ಎಷ್ಟೋ ವರ್ಷ ನೋಡಿದೆ. ಕೊನೆಗೆ ನಾಲ್ಕು ತಾಲ್ಲೂಕಿನ ಕಲಾವಿದೆಯರನ್ನು ನನ್ನ ಗೋಡೌನಿನಲ್ಲೇ ಕೂರಿಸಿ ಸಂಘ ಕಟ್ಟಿಸಿದೆ. ಪಾವಗಡದ ಸರೋಜಮ್ಮ ಅಧ್ಯಕ್ಷೆಯಾದರು. ಹಾರವನ್ನು ಕಲಾವಿದೆಯ ಕೈಗೆ ಕೊಡಬೇಕು, ಕೊರಳಿಗೆ ಹಾಕುವಂತಿಲ್ಲ ಎಂದು ಅವರೇ ಮೊದಲ ನಿಯಮ ಮಾಡಿದರು.

“ಯಾವನಾನ ಮೀರಿದ್ರೆ?” ಎಂದೆ.

“ಪರದೆ ಬುಟ್ಬುಡಣ್ಣಾ. ಮಿಕ್ಕಿದ್ದು ಸಂಘ ನೋಡ್ಕಂತದೆ,” ಎಂದರು ಸರೋಜಮ್ಮ.

ಎರಡು ವರ್ಷ ನಿಯಮ ನಡೆಯಿತು. ಆಮೇಲೆ ಮಿಡಿಗೇಶಿ ಆಚೆಯ ಒಂದು ಊರಿನಲ್ಲಿ, ನಾಟಕ ಆಡಿಸುತ್ತಿದ್ದ ಮುಖಂಡನೇ ಹಾರ ಹಿಡಿದು ಬಂದ. ದ್ರೌಪದಿ ಪಾತ್ರದ ಮಂಜುಳಾ, ಕೊರಟಗೆರೆಯ ಹುಡುಗಿ, ಕೈ ಚಾಚಿದಳು.

“ಕೈಗ್ಯಾಕೆ ಕಣಮ್ಮ? ಕತ್ತೇನ್ ಸವೆದೋಗ್ತದಾ?” ಎಂದು ಆತ ಕೊರಳಿಗೇ ಹಾಕಿ ಹೆಗಲು ಹಿಡಿದುಕೊಂಡ. ಬಿಡಲಿಲ್ಲ. ನಾನು ಪರದೆ ಬಿಟ್ಟೆ.

“ಲೇ ಸೀನ್ರಿಯವ್ನೇ, ಎತ್ಲಾ!” ಎಂದು ಊರೇ ಕೂಗಿತು. ಭೀಮನ ವೇಷದವನು ಗದೆ ಹಿಡಿದೇ ಕೈಮುಗಿದ. “ಆರು ತಿಂಗ್ಳು ಕಲ್ತಿದೀನಣ್ಣ, ನನ್ ಸೀನೇ ಬಂದಿಲ್ಲ!” ಪಾಪ ಅನ್ನಿಸಿತು. ಆದರೂ ಎತ್ತಲಿಲ್ಲ.

ಮುಂದಿನ ವಾರ ಸಂಘದವರೆಲ್ಲ ಸೇರಿದ್ದಾಗ ಆ ಮುಖಂಡ ಪಂಚಾಯ್ತಿ ಮಾಡಲು ನನ್ನ ಗೋಡೌನಿಗೇ ಬಂದ. ನಿಮ್ಮ ಸಂಘದವರನ್ನು ಇನ್ನು ಯಾವ ಊರಿಗೂ ಕರೆಸದ ಹಾಗೆ ಮಾಡುತ್ತೇನೆ ಎಂದ. ನಾನು ಸರೋಜಮ್ಮನ ಮುಖ ನೋಡಿದೆ.

“ಪರದೆ ಬುಟ್ಟಿದ್ದು ಸೀನ್ರಿಯೋರು. ಸಂಘ ಹೇಳಿರ್ಲಿಲ್ಲ,” ಎಂದರು.

“ಯಾಕಕ್ಕಾ ಇಂಗಂತೀಯ? ನಿಯಮ ಮಾಡಿದ್ದು ನೀನೇ ಅಲ್ವಾ?” ಎಂದಳು ಮಂಜುಳಾ.

“ಸುಮ್ಕಿರು. ನಾಳೆ ಯಾರ್ ಕರೀತಾರೆ ನಿನ್ನ?”

ಉಳಿದವರೆಲ್ಲ ಸರೋಜಮ್ಮನ ಮಾತಿಗೇ ತಲೆಯಾಡಿಸಿದರು.

ಅದೇ ಊರಲ್ಲಿ ಅದೇ ನಾಟಕ ಮತ್ತೆ ನಡೆಯಿತು. ಸೀನರಿ ಶಿರಾದಿಂದ ಬಂತು. ಈ ಸಲ ದ್ರೌಪದಿ ಸರೋಜಮ್ಮನೇ. ಹಾರ ಕೊರಳಿಗೇ ಬಿತ್ತಂತೆ.

ಅವರಿಗೂ ಹೊಟ್ಟೆಪಾಡಿಲ್ಲವೇ ಎಂದು ಜನ ನನಗೇ ಬುದ್ಧಿ ಹೇಳುತ್ತಾರೆ. ನನಗೂ ಇತ್ತು. ಜೊತೆಗಿದ್ದೇವೆ ಎಂದವರನ್ನು ನಂಬಿ ಇಂಥ ಕೆಲಸಕ್ಕೆ ಇಳಿಯಬಾರದು, ಒಬ್ಬನೇ ಉಳಿದರೂ ಮಾಡುತ್ತೇನೆ ಎನ್ನುವುದಾದರೆ ಇಳಿಯಬೇಕು. ಕಸುಬು ಕಲಿಸಿದ್ದು ಇದನ್ನೇ.

ಈಗ ನನ್ನ ಹತ್ತಿರ ಒಂಬತ್ತು ಪರದೆ, ಎರಡು ಸಿಂಹಾಸನ, ಒಂದು ಗೂಡ್ಸ್ ಆಟೊ ಇವೆ. ನನ್ನ ಸ್ಟೇಜಿಗೆ ಬರುವ ಕಲಾವಿದೆ ಒಬ್ಬಳು, ಮಂಜುಳಾ.