ಕರಗುತ್ತಿದ್ದ ಹದಿನಾರು ಕಾಗದಗಳು

ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ನನ್ನ ತೊಡೆಯ ಮೇಲೆ ಥರ್ಮೋಕೋಲ್ ಪೆಟ್ಟಿಗೆ. ಮುಚ್ಚಳ ತೆಗೆದು ಬೆರಳಿಟ್ಟು ನೋಡಿದೆ. ಕಲ್ಲಿನಂತಿದ್ದ ಐಸ್ ಚೀಲಗಳು ಮೆತ್ತಗಾಗಿದ್ದವು.

ನಾನಾಗ ಕರಾವಳಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕಡಲ ನೀರಿನಲ್ಲಿ ತೇಲುವ ಪಾಚಿ, ಸತ್ತ ಜೀವಿಗಳ ಚೂರು, ಹೊಳೆ ತರುವ ಮಣ್ಣಿನ ಸಾರ, ಇವೆಲ್ಲ ಗಂಟೆಗಂಟೆಗೂ ಹೇಗೆ ಬದಲಾಗುತ್ತವೆ ಎಂಬುದು ನನ್ನ ವಿಷಯ. ಮೊದಲ ದೊಡ್ಡ ಮಳೆ ಬಿದ್ದಾಗ ಎರಡು ದಿನ ಮೂರು ಗಂಟೆಗೊಮ್ಮೆ ನೀರು ತಂದು ಸೋಸಿದ್ದೆ. ಸೋಸಿದ ಹದಿನಾರು ಕಾಗದಗಳು ಪೆಟ್ಟಿಗೆಯಲ್ಲಿದ್ದವು. ಅವನ್ನು ಪರೀಕ್ಷಿಸುವ ಯಂತ್ರ ಇದ್ದದ್ದು ಹೈದರಾಬಾದಿನಲ್ಲಿ. ಐಸ್ ಕರಗಿದರೆ ಸೂಕ್ಷ್ಮಜೀವಿಗಳು ಎಚ್ಚೆತ್ತು ಕಾಗದದ ಮೇಲಿದ್ದುದನ್ನೇ ತಿನ್ನತೊಡಗುತ್ತವೆ. ಆಮೇಲೆ ಯಂತ್ರ ಹೇಳುವುದು ಕಡಲಿನ ಕಥೆಯಲ್ಲ, ನನ್ನ ಪೆಟ್ಟಿಗೆಯ ಕಥೆ.

ಬಸ್ಸು ರಿಪೇರಿಗೆ ಎರಡು ತಾಸು ಬೇಕೆಂದರು. ನಿಲ್ದಾಣದ ಸುತ್ತ ಎಲ್ಲೂ ಐಸ್ ಸಿಗಲಿಲ್ಲ. ಮಸ್ಕಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ ಫ್ರಿಜ್‌ನಲ್ಲಿ ಐಸ್ ಇದೆಯೇ ಎಂದು ಕೇಳಿದೆ. ಬೆಳಿಗ್ಗೆಯಿಂದ ಕರೆಂಟಿಲ್ಲ ಎಂದಳು. ಆದರೂ ಊರಲ್ಲಿ ಎಲ್ಲಾದರೂ ಐಸ್ ದೊರೆತೀತೆಂದು ಸಿಕ್ಕ ಬಸ್ಸು ಹತ್ತಿ ಮಸ್ಕಿಗೆ ಹೊರಟೆ. ಸಂತೆಕಲ್ಲೂರು ದಾಟುವಷ್ಟರಲ್ಲಿ ಪೆಟ್ಟಿಗೆಯೊಳಗೆ ನೀರು ಅಲುಗುವ ಸದ್ದು ಕೇಳಿಸಿತು. ಅದೇ ಮಳೆ, ಅದೇ ನೀರು ಮತ್ತೆ ಸಿಗುವುದಿಲ್ಲ.

ಅವ್ವ ನಿಲ್ದಾಣದಲ್ಲೇ ಕಾಯುತ್ತಿದ್ದಳು. ಜ್ಯೂಸ್ ಅಂಗಡಿಗಳಲ್ಲಿ ಆಗಲೇ ವಿಚಾರಿಸಿದ್ದಳು, ಎಲ್ಲೂ ಐಸ್ ಸಿಕ್ಕಿರಲಿಲ್ಲ. ಇನ್ನೊಂದು ಕಡೆ ಇದೆ ಎಂದಳು. ಎಲ್ಲಿ ಎಂದು ನನಗೆ ತಿಳಿಯಿತು. ಸಿಂಧನೂರು ರಸ್ತೆಯಲ್ಲಿ ಛತ್ರಿ ಕೆಳಗೆ ಮೀನು ಮಾರುವ ಹೆಂಗಸಿನ ಬಳಿ. ದಿನವೂ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವ ಅವ್ವ ಆ ಛತ್ರಿ ಬಂದರೆ ರಸ್ತೆಯ ಆಚೆ ಬದಿಗೆ ಸರಿದು ನಡೆಯುವವಳು. ಅಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನನಗಿಂತ ಮುಂದೆ ನಡೆದಳು.

“ಯವ್ವಾ, ನನ್ನ ಮಗಳಿಗೆ ಸ್ವಲ್ಪ ಐಸ್ ಬೇಕಾಗೈತಿ,” ಎಂದಳು.

ಆಕೆ ನಮ್ಮಿಬ್ಬರನ್ನೂ ನೋಡಿ, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಳು. ಸಮುದ್ರದ ನೀರು ಸೋಸಿದ ಕಾಗದ, ಬಿಸಿಯಾದರೆ ಕೆಡುತ್ತದೆ ಎಂದೆ. ಅವಳಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಲಿಲ್ಲ.

“ನಮ್ಮ ಮೀನೂ ಹಂಗ ರೀ. ಐಸ್ ಕರಗಿತಂದ್ರ ನೋಡನೋಡ್ತ ಬದಲಾಗ್ತಾವ. ಉಪ್ಪು ಹಾಕ್ರಿ, ಥಂಡಿ ಜಾಸ್ತಿ ಆಗತೈತಿ.”

ತನ್ನ ಮೀನಿನ ಕೆಳಗಿನ ಐಸನ್ನು ಅರ್ಧ ಬಾಚಿ ಕೊಟ್ಟಳು. ಕಾಗದಗಳ ಪೊಟ್ಟಣವನ್ನು ನಾನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದೆ. ಅವ್ವ ಪಕ್ಕದ ಕಿರಾಣಿ ಅಂಗಡಿಯಿಂದ ಹರಳುಪ್ಪು ತಂದಳು, ಮೀನಿನ ಲೋಳೆ ಹತ್ತಿದ ಐಸಿಗೆ ತನ್ನ ಕೈಯಿಂದಲೇ ಕಲೆಸಿದಳು. ಮನೆಗೆ ಹೋಗಿ ಹೊದೆಯುವ ಕೌದಿ ತಂದು ಪೆಟ್ಟಿಗೆಗೆ ಸುತ್ತಿದಳು. ನಾನು ಬೇಡ, ವಾಸನೆ ಹತ್ತುತ್ತದೆ ಎಂದೆ.

“ಒಗದ್ರ ಹೋಗತೈತಿ. ನೀ ನಡಿ ಬೇ, ಬಸ್ಸು ಬಂತು.”

ಸಿಂಧನೂರಿನ ಐಸ್ ಫ್ಯಾಕ್ಟರಿಯಲ್ಲಿ ಮತ್ತೊಮ್ಮೆ ತುಂಬಿಸಿಕೊಂಡೆ. ಆದರೂ ಹೈದರಾಬಾದಿನವರೆಗೆ ಕಣ್ಣು ಮುಚ್ಚಲಾಗಲಿಲ್ಲ.

ಪ್ರಯೋಗಾಲಯದಲ್ಲಿ ಬಿಚ್ಚಿದಾಗ ಮೇಲಿನ ಮೂರು ಕಾಗದಗಳು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದವು. ಅವನ್ನು ಲೆಕ್ಕದಿಂದ ತೆಗೆದು, ಯಾಕೆಂದು ಪ್ರಬಂಧದಲ್ಲಿ ಬರೆದೆ. ಮೂರು ಕಾಗದ ಕೆಡಿಸಿದ್ದಕ್ಕೆ ನನ್ನ ಸಂಶೋಧನೆಯ ಗುರುಗಳು ಗದರಿದರು. ಉಳಿದ ಹದಿಮೂರರಲ್ಲಿ, ಮಳೆಯಾದ ಅರ್ಧ ದಿನದೊಳಗೆ ಪಾಚಿಯ ಪಾಲು ಇಳಿದು ಹೊಳೆಯ ಮಣ್ಣಿನ ಪಾಲು ಏರಿದ್ದು ಸ್ಪಷ್ಟವಾಗಿ ಕಂಡಿತು.

ಅವ್ವನಿಗೆ ಫೋನ್ ಮಾಡಿ ಹದಿಮೂರು ಉಳಿದವು ಎಂದೆ. ಅವಳು ಕೇಳಿದ್ದು ಹೋದ ಮೂರರ ಬಗ್ಗೆ. ತಾನು ಕೌದಿ ಇನ್ನಷ್ಟು ಬೇಗ ತರಬೇಕಿತ್ತೇ ಎಂದಳು. ಇಲ್ಲ, ಅವು ಲಿಂಗಸುಗೂರಿನಲ್ಲೇ ಕೆಟ್ಟಿದ್ದವು ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ.