ಹಿಂದಿನ ಸೀಟಿನ ಅಳತೆ

ಮದುವೆಯಾದ ಮೊದಲ ಮೂರು ವರ್ಷ ನೆನೆದರೆ ನನಗೆ ಯಾರ ಮಾತೂ ನೆನಪಾಗುವುದಿಲ್ಲ, ಒಂದು ಬೈಕಿನ ಸದ್ದು ನೆನಪಾಗುತ್ತದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಗಳೂರಿನಲ್ಲಿ, ಬೀದಿಯ ಆ ತುದಿಯಿಂದ ಈ ತುದಿಗೆ ಕೂಗಿ ಮಾತಾಡುವ ಜನರ ನಡುವೆ ಬೆಳೆದ ನನ್ನನ್ನು ನ್ಯಾಮತಿಯ ಅಡಿಕೆ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಒಳ್ಳೆಯ ಮನೆಯೇ. ಉಣ್ಣಲು ಉಡಲು ಕೊರತೆ ಇರಲಿಲ್ಲ, ಬಯ್ಯುವವರೂ ಇರಲಿಲ್ಲ. ಆದರೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾವನವರ ಬಾಯಲ್ಲಿ ಸದಾ ಎಲೆಯಡಿಕೆ, ಅತ್ತೆ ಕಣ್ಣಲ್ಲೇ ಕೆಲಸ ಹೇಳುತ್ತಿದ್ದರು, ನಮ್ಮನೆಯವರು "ಊಟ ಆತಾ?" ಅಂದರೆ ಅದೇ ಆ ದಿನದ ಭಾಷಣ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬಂಗಾರಕ್ಕೆ ಬರವೇ ಇರಲಿಲ್ಲ.

ನಮ್ಮನೆಯವರು ಮನಸ್ಸು ಬಿಚ್ಚುತ್ತಿದ್ದದ್ದು ಬೈಕಿನ ಮುಂದೆ ಮಾತ್ರ. ದಾವಣಗೆರೆಯ ಶೋಕಿಯ ಹುಡುಗನೊಬ್ಬ ರೇಸಿಗೆಂದು ಮಾಡಿಸಿಕೊಂಡಿದ್ದ ಗಾಡಿ ಅದು, ಅವನ ಶೋಕಿ ತೀರಿದ ಮೇಲೆ ಇವರ ಕೈಗೆ ಬಂದಿತ್ತು. ಕೆಳಕ್ಕೆ ಬಾಗಿದ ಹ್ಯಾಂಡಲ್, ಹಿಂದಕ್ಕೆ ಹೋಗುತ್ತ ಎತ್ತರವಾಗುವ ಗಟ್ಟಿ ಸೀಟು, ಊರಿಗೆಲ್ಲ ಕೇಳುವ ಸೈಲೆನ್ಸರು. ಬೆಳಗಾದರೆ ಅದನ್ನು ತೊಳೆದು, ಒರೆಸಿ, ಕಿವಿಗೊಟ್ಟು ಅದರ ಸದ್ದು ಕೇಳುತ್ತ ನಿಲ್ಲುತ್ತಿದ್ದರು. ನಾನು ಅದಕ್ಕೆ ಸವತಿ ಅಂತಲೇ ಹೆಸರಿಟ್ಟಿದ್ದೆ.

ಸವತಿಯ ಮೇಲೆ ನಾನು ಮೊದಲು ದೂರ ಹೋದದ್ದು ಚನ್ನಗಿರಿಗೆ, ಅವರ ನೆಂಟರ ಮದುವೆಗೆ. ರೇಷ್ಮೆ ಸೀರೆ ಉಟ್ಟು, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದೆ. ಕಾಲಿಡಲು ಜಾಗವೇ ಇರಲಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ಇಳಿಜಾರಿನ ಸೀಟಿನಿಂದ ಜಾರಿ ಅವರ ಬೆನ್ನಿಗೆ ಬೀಳುತ್ತಿದ್ದೆ. ಮೊದಮೊದಲು ಅದು ನನಗೆ ಇಷ್ಟವೇ ಆಗಿತ್ತು ಅಂತ ಈಗ ಹೇಳಿಕೊಳ್ಳಲು ಏನು ನಾಚಿಕೆ? ಮನೆಯೊಳಗೆ ಸಿಗದ ಬೆನ್ನು ರಸ್ತೆಯ ಮೇಲೆ ಸಿಕ್ಕಿತ್ತು. ಆದರೆ ಚನ್ನಗಿರಿ ಮುಟ್ಟುವಷ್ಟರಲ್ಲಿ ಸೊಂಟ ಕಳಚಿ ಬಿದ್ದ ಹಾಗಾಗಿತ್ತು. ಛತ್ರದ ಮುಂದೆ ಇಳಿದವಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. "ಇದೇನವ್ವ, ಮದುವೆಗೆ ಬಂದ್ಯೋ, ಭತ್ತ ನಾಟಿ ಮಾಡಾಕೆ ಬಂದ್ಯೋ?" ಅಂತ ಒಬ್ಬ ಹೆಂಗಸು ನಕ್ಕಳು. ಇವರು ಕೇಳಿಸಿಕೊಂಡರು, ನನ್ನ ಕಡೆ ಒಮ್ಮೆ ನೋಡಿದರು, ಗಾಡಿಯನ್ನು ನೆರಳಿಗೆ ತಳ್ಳಿಕೊಂಡು ಹೋದರು. ನೋವಾಯಿತೇನು ಅಂತ ಒಂದು ಮಾತಿಲ್ಲ.

ಆ ಒಂದು ಮಾತು ಬಾರದ್ದು ನನ್ನನ್ನು ಸುಟ್ಟಿತು. ಬಯ್ದಿದ್ದರೆ ತಿರುಗಿ ಬಯ್ದು ಹಗುರಾಗುತ್ತಿದ್ದೆ. ಪಂಚಮಿಗೆ ತವರಿಗೆ ಹೋಗುವುದು, ಹೋದವಳು ಮರಳಿ ಬರುವುದಿಲ್ಲ ಅಂತ ನಿಶ್ಚಯ ಮಾಡಿದೆ. ಯಾರಿಗೂ ಹೇಳಲಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತು, ಗುಂಡು ತಿರುಗಿಸುತ್ತ, ಅದಕ್ಕೇ ಎಲ್ಲ ಹೇಳಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ನನಗೆ ಗುಡುಗುಡು ಅಂತಲಾದರೂ ಉತ್ತರ ಕೊಡುತ್ತಿದ್ದದ್ದು ಅದೊಂದೇ.

ಶ್ರಾವಣ ಹತ್ತಿರ ಬಂದಾಗ, "ಪಂಚಮಿಗೆ ಬಸ್ಸಿಗೆ ಹೋಗ್ತೀನಿ" ಅಂದೆ.

"ಬಸ್ ಬ್ಯಾಡ. ಗಾಡಿ ಮ್ಯಾಲೆ ಬಿಟ್ಟು ಬರ್ತೀನಿ," ಅಂದರು.

ಮರುದಿನದಿಂದ ಅಂಗಳವೆಲ್ಲ ಗ್ಯಾರೇಜು. ಬಾಗಿದ ಹ್ಯಾಂಡಲ್ ಕಳಚಿತು. ಹೊನ್ನಾಳಿಯ ವೆಲ್ಡಿಂಗ್ ಅಂಗಡಿಯಿಂದ ಎತ್ತರದ, ಅಗಲದ ಹ್ಯಾಂಡಲ್ ಬಂತು. ಸೀಟಿನ ಹಳೇ ಮೈ ಕಿತ್ತು, ತಗಡಿನ ಮೇಲೆ ತೆಂಗಿನ ನಾರು, ನಾರಿನ ಮೇಲೆ ದಪ್ಪ ಸ್ಪಂಜು ಹಾಸಿ, ರೆಕ್ಸಿನ್ ಹೊಲಿಸಿ, ಮಂಚದ ಹಾಗೆ ಮಟ್ಟಸ ಮಾಡಿಸಿದರು. ಸೆರಗು ಚಕ್ರಕ್ಕೆ ಸಿಗದಂತೆ ಎಡಕ್ಕೆ ಜಾಲರಿ, ಬಲಕ್ಕೊಂದು ಹಿಂದೊಂದು ತಗಡಿನ ಪೆಟ್ಟಿಗೆ. ಸೈಲೆನ್ಸರಿನ ಬಾಯಿ ಕಟ್ಟಿಸಿದರು. ಚೈನಿನ ಹಲ್ಲುಚಕ್ರ ಬದಲಾದ ಮೇಲೆ, ಅರಚುತ್ತಿದ್ದ ಎಂಜಿನ್ ಗುನುಗತೊಡಗಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಾನು ಒಳಗೇ ಕುದಿಯುತ್ತಿದ್ದೆ. ಸವತಿಗೆ ಸೀಮಂತ ನಡೆದಿತ್ತು, ಕಟ್ಟಿಕೊಂಡವಳನ್ನು ಕೇಳುವವರಿರಲಿಲ್ಲ.

ಒಂದು ದಿನ ನನ್ನನ್ನು ಜಗಲಿಯ ಅಂಚಿಗೆ ಕೂರಿಸಿದರು. ನಾನು ಕಾಲು ಇಳಿಬಿಟ್ಟಾಗ ಮಂಡಿಯಿಂದ ಪಾದದವರೆಗೆ ಗೇಣು ಹಾಕಿ ಅಳೆದರು.

"ಏನ್ರೀ, ನನಗೂ ವೆಲ್ಡಿಂಗ್ ಮಾಡಿಸ್ತೀರೇನು?" ಅಂದೆ.

ಅವರು ಇನ್ನೊಂದು ಕಾಲನ್ನೂ ಅಳೆದು ಎದ್ದುಹೋದರು.

ಎಂಟು ದಿನಕ್ಕೆ ಬೇಕಾದಷ್ಟೇ ಬಟ್ಟೆ ಮಡಚಿ ಕೊಟ್ಟೆ. ಎಲ್ಲ ಒಯ್ದರೆ ಅನುಮಾನ ಬರುತ್ತದೆ, ಉಳಿದದ್ದನ್ನು ಆಮೇಲೆ ತಮ್ಮನನ್ನು ಕಳಿಸಿ ತರಿಸಿಕೊಂಡರಾಯಿತು ಅಂತ ನನ್ನ ಲೆಕ್ಕ. ಪೆಟ್ಟಿಗೆ ತುಂಬುವ ಕೆಲಸ ಅವರೇ ಮಾಡಿಕೊಂಡರು.

ಹೊರಟಾಗ ಸಣ್ಣಗೆ ಸೋನೆ ಹಿಡಿದಿತ್ತು. ಆ ದಾರಿ ನಿಜವಾಗಿ ಹಾಗಿತ್ತೋ, ನೆನೆನೆನೆದು ನಾನೇ ಹಾಗೆ ಮಾಡಿಕೊಂಡಿದ್ದೇನೋ ಗೊತ್ತಿಲ್ಲ. ಹೊನ್ನಾಳಿ ದಾಟಿ ಸೇತುವೆಗೆ ಬಂದಾಗ ಹೊಳೆ ಕೆಂಪಗೆ ತುಂಬಿ, ಸದ್ದಿಲ್ಲದೆ ಹೋಗುತ್ತಿತ್ತು. ನಾವು ನಿಂತಿದ್ದೇವೆ, ಸೇತುವೆಯೇ ನೀರಿನ ಮೇಲೆ ಎಲ್ಲಿಗೋ ಹೊರಟಿದೆ ಅನ್ನಿಸಿತು. ಗದ್ದೆಗಳಲ್ಲಿ ಆಗಷ್ಟೇ ನಾಟಿಯಾದ ಪೈರು, ಅದರ ನಡುವಿನ ನೀರಿನಲ್ಲಿ ಮೋಡದ ಚೂರು. ಯಾರೋ ಕೈ ಬೀಸಿದರು, ಅವರು ಯಾರು ಅಂತ ತಿಳಿಯುವಷ್ಟರಲ್ಲಿ ಅವರಿಲ್ಲ. ನನ್ನ ಕಾಲ ಕೆಳಗೆ ಒಂದು ಹಲಗೆ ಇತ್ತು, ಎರಡೂ ಪಾದ ಅದರ ಮೇಲೆ ನಮ್ಮ ಮನೆ ಮೆಟ್ಟಿಲ ಮೇಲಿಟ್ಟ ಹಾಗೆ ಕೂತಿದ್ದವು. ಸೊಂಟಕ್ಕೆ ಒರಗಲು ಹಿಂದಿನ ಪೆಟ್ಟಿಗೆಗೆ ಮೆತ್ತೆ ಕಟ್ಟಿದ್ದರು. ಎಲ್ಲೂ ನೋವಿಲ್ಲ. ಗುನುಗುವ ಎಂಜಿನ್ ಕೇಳುತ್ತ ಕೇಳುತ್ತ ಕಣ್ಣು ಎಳೆಯಿತು. ನಾನು ಮನೆ ಬಿಟ್ಟು ಹೋಗುತ್ತಿರುವವಳು ಅನ್ನುವುದೂ ಅಷ್ಟು ಹೊತ್ತು ಮರೆತುಹೋಗಿತ್ತು.

ದಾವಣಗೆರೆ ದಾಟಿದ ಮೇಲೆ ಮಳೆ ನಿಂತಿತು. ಮರಗಳು ಕಡಿಮೆಯಾದವು, ಆಕಾಶ ದೊಡ್ಡದಾಯಿತು, ನಮ್ಮ ಕಡೆಯ ಗಾಳಿ ಎದುರಾಯಿತು. ರಸ್ತೆ ತುಂಬ ಕುರಿ ಹಿಂಡು ಬಂದು ಇವರು ಗಕ್ಕನೆ ಬ್ರೇಕ್ ಹಾಕಿದರು. ನಾನು ಜಾರಲಿಲ್ಲ. ಮಟ್ಟಸ ಸೀಟು ನನ್ನನ್ನು ಕೂತಲ್ಲೇ ಕೂರಿಸಿತ್ತು, ಅವರ ಬೆನ್ನು ಒಂದು ಗೇಣು ಆಚೆಗೇ ಉಳಿಯಿತು. ಆ ಗೇಣು ನೋಡಿ ನನಗೆ ಅಳು ಬಂತು. ಯಾಕೆ ಅಂತ ಕುರಿ ದಾಟುವವರೆಗೂ ತಿಳಿಯಲಿಲ್ಲ. ಎದುರಿಗೆ ಶೇಂಗಾದ ಹೊಲ ಹಸಿರಾಗಿ ದಿಗಂತದವರೆಗೂ ಹೋಗಿತ್ತು.

ಜಗಳೂರಿನಲ್ಲಿ ಅವ್ವ ಬಾಗಿಲಲ್ಲೇ ಕಾದಿದ್ದಳು. "ಬರ್ರಿ, ಬರ್ರಿ, ಒಳಗೆ ಬರ್ರಿ" ಅಂತ ಅಳಿಯನಿಗೆ ಕಾಲಿಗೆ ನೀರು ಕೊಟ್ಟು, ಎಳ್ಳುಂಡೆ, ಶೇಂಗಾ ಉಂಡೆ ತಂದಿಟ್ಟಳು. ಇವರು ತಿಂದು, ಕೈ ತೊಳೆದು, ಹೊರಡಲು ಎದ್ದರು. ಅಪ್ಪ ಸಾಮಾನು ಇಳಿಸಲು ಹೋಗಿ ಬಲಗಡೆಯ ಪೆಟ್ಟಿಗೆ ತೆಗೆದ. ಅದರಲ್ಲಿ ಇದ್ದದ್ದು ನನ್ನ ಎಂಟು ದಿನದ ಬಟ್ಟೆಯಲ್ಲ, ಅದು ಹಿಂದಿನ ಪೆಟ್ಟಿಗೆಯಲ್ಲಿತ್ತು. ಚಳಿಗೆ ಹೊದೆಯುವ ನನ್ನ ಶಾಲು ಇತ್ತು. ಮದುವೆಯಲ್ಲಿ ಅವ್ವ ಕೊಟ್ಟಿದ್ದ ಹಿತ್ತಾಳೆ ದೀಪ, ನನ್ನ ಹೊಲಿಗೆಯ ಕತ್ತರಿ, ಹಾಳೆಯಲ್ಲಿ ಸುತ್ತಿಟ್ಟ ಉಳಿದ ಸೀರೆಗಳು. ನಾನು ಬಿಟ್ಟು ಬಂದದ್ದೆಲ್ಲ.

ಅವರು ಬೈಕಿನ ಹತ್ತಿರ ನಿಂತಿದ್ದರು. ಹೋಗಿ ಮೆಲ್ಲಗೆ ಕೇಳಿದೆ. "ಇವನ್ನೆಲ್ಲ ಯಾಕೆ ತಂದ್ರಿ?"

"ಬೇಕಾಗ್ತಾವಲ್ಲ." ಟ್ಯಾಂಕಿನ ಮೇಲಿನ ಧೂಳು ಒರೆಸುತ್ತ ಅಂದರು. "ರುಬ್ಬಾಕೆ ಕೂತಾಗ ನೀನು ಹೇಳ್ಕೊಂತಿದ್ದೆ, ಹೋದ್ರೆ ಬರಲ್ಲ ಅಂತ. ನಾನು ಹಿತ್ತಲಾಗೆ ಇದ್ದೆ."

"ಗೊತ್ತಿದ್ದೂ ಇಷ್ಟೆಲ್ಲ ಮಾಡಿಸಿದ್ರಾ?"

"ಚನ್ನಗಿರಿಗೆ ಹೋದಾಗ ಬಾಳ ನೋವಾಗಿತ್ತು ನಿಂಗೆ. ಹೋಗೋದು ಹೆಂಗೂ ಹೋಗ್ತಿ, ಆರಾಮಾಗಿ ಹೋಗ್ಲಿ ಅಂತ."

ತವರಿಗೆ ಬಂದ ಮಗಳನ್ನು ಗಂಡನ ಮನೆಯವರು ಬಂದು ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಕರೆಯಲು ಬಂದರೆ ಕಳಿಸದೆ ಇರುವ ಹಾಗಿಲ್ಲ.

"ಕರಿಯಾಕೆ ಯಾವಾಗ ಬರ್ತೀರಿ?" ಅಂದೆ.

"ಬರಲ್ಲ. ಬಂದ್ರೆ ಒಲ್ಲೆ ಅನ್ನಾಕೆ ಆಗಲ್ಲ ನಿಂಗೆ."

ಮೂರು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅವತ್ತಿನದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ಪ್ರೀತಿ ಇಟ್ಟುಕೊಂಡು, ಅದನ್ನು ಸ್ಪಂಜಿನಲ್ಲಿ, ತಗಡಿನಲ್ಲಿ, ಹಲಗೆಯಲ್ಲಿ ಹೇಳಿದರೆ ಯಾವ ಹೆಣ್ಣಿಗೆ ಅರ್ಥವಾದೀತು? ಸಿಟ್ಟಿಗಿಂತ ಹೆಚ್ಚಾಗಿ, ಇವರನ್ನು ಹೀಗೆ ಒಂಟಿಯಾಗಿ ಕಳಿಸಲು ನನ್ನಿಂದ ಆಗುವುದಿಲ್ಲ ಅನ್ನುವುದು ಎದೆಯಲ್ಲಿ ಬಂದು ಕೂತಿತು. ಅವರು ಕಿಕ್ಕರಿನ ಮೇಲೆ ಕಾಲಿಟ್ಟರು. ಅಪ್ಪ ಶಾಲನ್ನೂ ದೀಪವನ್ನೂ ಎತ್ತಿಕೊಂಡು ಒಳಗೆ ಹೊರಟಿದ್ದ.

"ಅಪ್ಪಾ, ಅವನ್ನ ಇಳಿಸಬ್ಯಾಡ, ಪೆಟ್ಟಿಗ್ಯಾಗೇ ಇಡು," ಅಂದೆ. ಆಮೇಲೆ ಇವರ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಅಂದೆ: "ಕಾಲು ಇಳಿಸ್ರಿ. ಹಬ್ಬ ಮುಗಿಸ್ಕೊಂಡು ಇಬ್ರೂ ಹೋಗಾಣ. ನಿಮ್ಮನ್ನ ಬಯ್ಯೋದು ಬಾಳ ಐತೆ, ಮನೀಗೆ ಹೋಗಿ ಬಯ್ತೀನಿ."