ಓನರಮ್ಮನ ನಂಬರಿಗೆ ಮಾಡಿದ ಫೋನು

ಕಾಮಾಕ್ಷಿಪಾಳ್ಯದ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಹೆಸರಿಗೆ ನಾನು ರಿಸೆಪ್ಷನಿಸ್ಟು ಆಗಿದ್ದೆ. ನಿಜವಾದ ಕೆಲಸ, ಮಕ್ಕಳ ಇಂಜೆಕ್ಷನ್ ತಾರೀಖು ಹತ್ತಿರ ಬಂದಾಗ ತಾಯಂದಿರಿಗೆ ಫೋನ್ ಮಾಡಿ ತಲೆ ತಿನ್ನುವುದು. ಈಗ ಕಂಪ್ಯೂಟರೇ ಮೆಸೇಜ್ ಕಳಿಸುತ್ತದಂತೆ. ನನಗೆ ಮಾತ್ರ ತಾರೀಖು, ನಂಬರು ಬರೆದಿಡುತ್ತಿದ್ದ, ರಟ್ಟು ಹರಿದ ಆ ಉದ್ದನೆಯ ನೋಟ್‌ಬುಕ್ಕೇ ನೆನಪಾಗುತ್ತದೆ. ಕೂಸಾಗಿದ್ದಾಗ ತಪ್ಪದೆ ಎತ್ತಿಕೊಂಡು ಬರುತ್ತಿದ್ದ ಅಮ್ಮಂದಿರು, ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ ಇನ್ನೆಂಥ ಇಂಜೆಕ್ಷನ್ನು ಅನ್ನುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೈದು ಕರೆಸುತ್ತಿದ್ದೆ. ಮೆಸೇಜಿಗೆ ಯಾರು ಹೂವು ಕೊಡುತ್ತಾರೋ ಕಾಣೆ, ನನ್ನ ಹತ್ತಿರ ಬೈಸಿಕೊಂಡವರು ಬರುವಾಗ ಒಂದು ಮೊಳ ಮಲ್ಲಿಗೆ ತಂದುಕೊಡುತ್ತಿದ್ದರು.

ಗಾರ್ಮೆಂಟ್ಸಿನ ಹೆಂಗಸರನ್ನು ಹಿಡಿಯುವುದೇ ಕಷ್ಟವಾಗಿತ್ತು. ಬೆಳಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ಫೋನ್ ಒಪ್ಪಿಸಿದರೆ ಮತ್ತೆ ಕೈಗೆ ಸಿಗುವುದು ಸಂಜೆಗೇ. ಅದಕ್ಕೇ ಹಲವರು ಇಂಜೆಕ್ಷನ್ ಕಾರ್ಡಿನಲ್ಲಿ ವಠಾರದ ಓನರ್ ನಂಬರನ್ನೂ ಬರೆಸುತ್ತಿದ್ದರು. ರಾಯಚೂರು ಕಡೆಯಿಂದ ಬಂದ ಒಬ್ಬಾಕೆಯೂ ಹಾಗೇ ಬರೆಸಿದ್ದಳು. ಎಂಟನೇ ಕ್ಲಾಸಿನ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ಬರದಂತೆ ಕೊಡುವ ಇಂಜೆಕ್ಷನ್ ಒಂದು ಆಗಿತ್ತು, ಆರು ತಿಂಗಳ ಮೇಲೆ ಇನ್ನೊಂದು ಆಗಬೇಕಿತ್ತು. ಮೂರು ದಿನ ತಾಯಿಗೆ ಮಾಡಿದೆ, ಎತ್ತಲಿಲ್ಲ. ನಾಲ್ಕನೇ ದಿನ ಓನರಮ್ಮನಿಗೇ ಮಾಡಿ ಯಾವ ಇಂಜೆಕ್ಷನ್, ಎಷ್ಟನೇದು ಅಂತೆಲ್ಲ ಹೇಳಿ, ಹುಡುಗಿಯನ್ನು ಕಳಿಸಿಕೊಡಿ ಅಂದೆ. ಆ ಹುಡುಗಿಗೆ ಮಾತ್ರ ಯಾಕೆ ಅಂತ ಆಕೆ ಕೇಳಿದರು. ಎದುರಿಗೆ ಜನ ನಿಂತಿದ್ದರು. ಕೆಲಸ ಇದೆ ಅಂತ ಫೋನ್ ಇಟ್ಟುಬಿಟ್ಟೆ.

ಎರಡು ವಾರ ಯಾರೂ ಬರಲಿಲ್ಲ. ಒಂದು ಸಂಜೆ ತಾಯಿ ಒಬ್ಬಳೇ, ಕತ್ತಿನಲ್ಲಿ ಫ್ಯಾಕ್ಟರಿ ಐಡಿ ಕಾರ್ಡ್ ಹಾಕಿಕೊಂಡೇ ಬಂದಳು. ಏನೋ ಕಾಯಿಲೆ ಇಲ್ಲದಿದ್ದರೆ ದೊಡ್ಡವಳಾದ ಹುಡುಗಿಗೆ ಎರಡೆರಡು ಸಲ ಇಂಜೆಕ್ಷನ್ ಯಾಕೆ ಅಂತ ವಠಾರವೆಲ್ಲ ಗುಸುಗುಸು ಆಗಿತ್ತಂತೆ. ನಲ್ಲಿಯ ಹತ್ತಿರ ಮಗಳು ಬಂದರೆ ಹೆಂಗಸರು ತಮ್ಮ ಬಿಂದಿಗೆ ಸರಿಸಿಕೊಳ್ಳುತ್ತಿದ್ದರಂತೆ. ಹುಡುಗಿ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಇನ್ನೊಂದು ಇಂಜೆಕ್ಷನ್ ಸತ್ತರೂ ಬೇಡ ಅನ್ನುತ್ತಿದ್ದಳು.

"ನೀವು ಒಳ್ಳೇದಕ್ಕ ಮಾಡೀರಿ, ಗೊತ್ತೈತ್ರಿ. ಆದ್ರ ನನ್ನ ಮಗಳ ವಿಷಯ ನನಗ ಹೇಳಬೇಕಿತ್ತು," ಅಂದಳು. ದನಿ ಏರಿಸಲಿಲ್ಲ.

ಏರಿಸಿದ್ದರೆ ನಾನೂ ಏರಿಸುತ್ತಿದ್ದೆನೇನೋ. ಊರಿಗೆಲ್ಲ ಬೈಯುತ್ತಿದ್ದ ನನಗೆ ತುಂಬ ನಾಚಿಕೆಯಾಯಿತು. ಡಾಕ್ಟರಿಗೆ ಒಂದು ಮಾತು ಹೇಳಿ ಆಕೆಯ ಜೊತೆಗೇ ಹೊರಟೆ.

ನಾವು ಹೋದಾಗ ವಠಾರದ ನಲ್ಲಿಯಲ್ಲಿ ನೀರು ಬಂದಿತ್ತು, ಹೆಂಗಸರು ಬಿಂದಿಗೆ ಸಾಲಿಟ್ಟು ನಿಂತಿದ್ದರು. ಓನರಮ್ಮನೂ ಅಲ್ಲೇ ಇದ್ದರು. ಎಲ್ಲರಿಗೂ ಕೇಳಿಸುವ ಹಾಗೆ ಅವರಿಗೆ ಹೇಳಿದೆ.

"ಇವರ ಮಗಳಿಗೆ ಯಾವ ಕಾಯಿಲೆನೂ ಇಲ್ಲ. ಚೆನ್ನಾಗಿರೋ ಮಕ್ಕಳಿಗೇ ಈ ಇಂಜೆಕ್ಷನ್ ಕೊಡೋದು, ನನ್ನ ಮಗಳಿಗೂ ಎರಡು ಸಲ ಕೊಡಿಸಿದೀನಿ. ಇವರ ಮನೆ ವಿಷಯ ಫೋನಲ್ಲಿ ನಿಮ್ಮ ಹತ್ರ ಹೇಳಿದ್ನಲ್ಲ, ಅದು ನನ್ನ ತಪ್ಪು."

ತಾನು ಯಾರಿಗೂ ಏನೂ ಹೇಳೇ ಇಲ್ಲ ಅಂತ ಓನರಮ್ಮ ಗೊಣಗಿದರು. ಬೇರೆ ದಿನವಾಗಿದ್ದರೆ ನಾನು ಬಿಡುತ್ತಿರಲಿಲ್ಲ.

ಹುಡುಗಿ ಬಾಗಿಲ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಹೊರಗೆ ಬಂದಳು. ಸಾಲಿನ ಕೊನೆಯಲ್ಲಿದ್ದ ಹೆಂಗಸು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಬಿಂದಿಗೆ ಸರಿಸಲಿಲ್ಲ. ಹುಡುಗಿ ತನ್ನದನ್ನು ಅದರ ಪಕ್ಕಕ್ಕೇ ಇಟ್ಟಳು. ನನ್ನ ಕಣ್ಣು ತುಂಬಿ ಬಂತು.

ನೀರು ಹಿಡಿದುಕೊಂಡು ಒಳಗೆ ಹೋಗುವಾಗ ಅವಳು ನನ್ನ ಹತ್ತಿರ ನಿಂತಳು.

"ಆಂಟಿ, ನಾಳೆ ಸ್ಕೂಲ್ ಬಿಟ್ಟ ಮೇಲೆ ಬರ್ಲಾ?"

ಬಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಅವಳ ಅಮ್ಮನನ್ನು ಕೇಳಿದೆ. ಆಕೆ ಹೂಂ ಅಂದ ಮೇಲೆಯೇ ಹುಡುಗಿಗೆ ಬಾ ಅಂದೆ.